ಜಿಪ್ಸಿ, ಕಲಬುರಗಿ, ಲಾಂಗ್ ರ‍್ಯಾಲಿ: ಗಾಡಿ ಕಟ್ಟಿದ ಲಾಗ್

ಲಾಂಗ್ ರ‍್ಯಾಲಿ ಓಡಿಸ್ಲಿಕ್ಕ ಅಂತ ಒಂದು ಹಳೆ ಮಾರುತಿ ಜಿಪ್ಸಿ ಕಟ್ಲಿಕ್ಕ ಹತ್ತೀವಿ, ಈ ಗಾಡಿಗೆ ನಾವ್ ಪೈಲೆ ಒಂದು ನಿಯಮ ಹಾಕ್ಕೊಂಡೀವಿ. ಒಳಗ ಏನ್ ಕೂಡ್ಸಿದ್ರೂ ಅದು 10, 12, 14, 17 ನಂಬರ್ ಪಾನಾದಿಂದ ಬಿಚ್ಚಬೇಕು, ಇಬ್ಬರೇ ಇದ್ದಾಗ, ನೆಲಕ್ಕ ಮಲಗಿ, ಬಿಸಲಾಗ. ಹಂಗ ಬಿಚ್ಚಲಿಕ್ಕ ಬರಲ್ಲ ಅಂದ್ರ ಅದು ಎಷ್ಟೇ ಛಲೋ ಸಾಮಾನ್ ಇರ್ಲಿ, ಈ ಗಾಡಿಗೆ ಬ್ಯಾಡ. ಮುಂದಿನ ಹಬ್‌ದು ದೊಡ್ಡ ಲಾಕ್ ನಟ್ ಒಂದಕ್ಕ ಮಾತ್ರ ಬ್ಯಾರೆ ಸಾಕೆಟ್ ಬೇಕು, ಅದೊಂದು ಬಿಟ್ಟೀವಿ.

ಯಾಕಂದ್ರ ಲಾಂಗ್ ರ‍್ಯಾಲಿ ಅಂದ್ರ ಸರ್ಕ್ಯೂಟ್ ಸುತ್ತೋದಲ್ಲ, ಒಂದೊಂದು ಸ್ಟೇಜ್ ನೂರಾರು ಕಿಲೋಮೀಟರ್ ಇರ್ತದ, ನಡುವ ಊರಿಲ್ಲ ಗ್ಯಾರೇಜಿಲ್ಲ. ಡಾಕಾರ್ ಅಂತ ಜಗತ್ತಿನ ದೊಡ್ಡ ಲಾಂಗ್ ರ‍್ಯಾಲಿ ಅದ, ಅದರಾಗ ಮ್ಯಾರಥಾನ್ ಸ್ಟೇಜ್ ಅಂತ ಬರ್ತದ, ಅವತ್ತು ರಾತ್ರಿ ಸರ್ವಿಸ್ ಟೀಮ್‌ನವ್ರು ಗಾಡಿ ಮುಟ್ಟಂಗಿಲ್ಲ, ಓಡಿಸ್ದವ್ರೇ ರಿಪೇರಿ ಮಾಡ್ಕೊಬೇಕು. ಅಲ್ಲಿನ ಮ್ಯಾಲಿನ ದರ್ಜೆ ಟಿ1 ಪ್ಲಸ್ ಗಾಡಿಗೊಳಿಗೆ 2022ರಿಂದ 37 ಇಂಚಿನ ಟೈರು, 350 ಮಿ.ಮೀ. ಸಸ್ಪೆನ್ಷನ್ ಟ್ರಾವೆಲ್ (ಚಕ್ರ ಮ್ಯಾಲ ಕೆಳಗ ಆಡೋ ಅಳತಿ), ನಮ್ದು ಕಮಾನ್ ಪಟ್ಟಾದ (ಲೀಫ್ ಸ್ಪ್ರಿಂಗ್) ಜಿಪ್ಸಿ, ಆ ಲೆಕ್ಕಕ್ಕ ಇದು ಎಲ್ಲಿಯೂ ಇಲ್ಲ. ಆದ್ರ ನಮ್ಮ ದೇಶದಾಗ 1999ಕ್ಕ ರೇಡ್ ಡಿ ಹಿಮಾಲಯ, 2003ಕ್ಕ ಡೆಸರ್ಟ್ ಸ್ಟಾರ್ಮ್ ರ‍್ಯಾಲಿ ಶುರು ಆದಾಗಿಂದ ಜಿಪ್ಸಿನೇ ಮಂದಿ ಹೆಚ್ಚು ನಂಬ್ಯಾರ, ಸಾಮಾನ್ ಸಿಗ್ತದ, ಹಳ್ಳಿ ಮಿಸ್ತ್ರಿಗೂ ಇದರ ಕೆಲಸ ಗೊತ್ತದ. ಇನ್ನೂ ಗಾಡಿ ಪೂರಾ ಆಗಿಲ್ಲ. ಇಲ್ಲಿತನಕ ಆಗಿದ್ದು ಬರೀತೀನಿ, ಯಾರರ ಈ ಕಡಿ ಇಂಥ ಕೆಲಸಕ್ಕ ಕೈ ಹಾಕಿದ್ರ ಉಪಯೋಗ ಬೀಳ್ಲಿ ಅಂತ.

1. ಗಾಡಿ ತಗೊಂಡಿದ್ದು, ಬಿಚ್ಚಿದ್ದು

ಎಂಪಿಎಫ್ಐ (ಕಾರ್ಬೊರೇಟರ್ ಇಲ್ಲದ, ಇಂಜೆಕ್ಷನ್) ಜಿಪ್ಸಿ, ಸಾಫ್ಟ್ ಟಾಪ್, ಚಿತ್ತಾಪುರ ಕಡಿಂದ 2 ಲಕ್ಷ 80 ಸಾವಿರಕ್ಕ ಬಂತು. ಎಂಜಿನ್ ಜಿ13ಬಿಬಿ, 1298 ಸಿಸಿ, 16 ವಾಲ್ವ್, ಕಂಪನಿ ಲೆಕ್ಕಕ್ಕ 80 ಹಾರ್ಸ್ ಪವರ್, 103 ಎನ್ಎಂ ಟಾರ್ಕ್. ಕಾರ್ಬೊರೇಟರ್‌ದು ಹಳೆ ಜಿಪ್ಸಿ ಕಡಿಮಿಗೆ ಸಿಗ್ತಿತ್ತು, ಅದು 60 ಹಾರ್ಸ್ ಪವರ್, ಮತ್ತ ಗುಡ್ಡದಾಗ ಎತ್ತರ ಹೋದಂಗ ಜೆಟ್ (ಕಾರ್ಬೊರೇಟರ್‌ದಾಗ ಪೆಟ್ರೋಲ್ ಬಿಡೋ ಸಣ್ಣ ತೂತು) ಬದಲ್ಸೋ ತಂಟೆ, ಅದಕ್ಕ ಬ್ಯಾಡ ಅಂದ್ವಿ.

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ದೋಸ್ತಂದು ಶೆಡ್ ಅದ, ಅಲ್ಲೇ ಬಾಡಿ ಚಾಸಿಯಿಂದ ಎತ್ತಿ ಇಟ್ವಿ. ಬಾಡಿ ಬೋಲ್ಟ್ ಅರ್ಧಕ್ಕರ್ಧ ಜಂಗ್ ಹಿಡಿದು ಹೋಗಿದ್ವು, ಡೀಸೆಲ್ ಮತ್ತ ಎಟಿಎಫ್ ಆಯಿಲ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಂದು) ಕೂಡ್ಸಿ ರಾತ್ರಿ ಬಿಟ್ಟು ಮುಂಜಾನಿ ಬಿಚ್ಚಿದ್ರ ಕೆಲವು ಬಂದ್ವು, ಉಳಿದಿದ್ದು ಗ್ರೈಂಡರ್‌ದಿಂದ ಕೊಯ್ದ್ವಿ. ಸೀಟು, ಹಿಂದಿನ ಬೆಂಚು, ಹಳೆ ಕಾರ್ಪೆಟ್, ಎಲ್ಲಾ ಹೊರಗ. ಬಿಚ್ಚಿದ್ದು ಪ್ರತಿಯೊಂದು ಬೋಲ್ಟು ಪ್ಲಾಸ್ಟಿಕ್ ಚೀಲದಾಗ ಹಾಕಿ ಮ್ಯಾಲ ಮಾರ್ಕರ್‌ಲೆ ಹೆಸರು ಬರ್ದು ಇಟ್ವಿ, ಮುಂದ ಇದರಿಂದ ಭಾಳ ಅನುಕೂಲ ಆಗ್ಯದ.

2. ಬೋಲ್ಟಿನ ವಿಷಯ

ಇದಕ್ಕ ಬ್ಯಾರೆ ನಂಬರ್ ಕೊಟ್ಟು ಬರಿಯೋದು ಯಾಕಂದ್ರ ಇದನ್ನ ಯಾರೂ ಹೇಳಲ್ಲ. ಜಿಪ್ಸಿ ಜಪಾನ್ ಪದ್ಧತಿ ಗಾಡಿ. ಎಂ8 (8 ಮಿ.ಮೀ. ದಪ್ಪ) ಬೋಲ್ಟಿನ ತಲಿ 12, ಎಂ10ರದ್ದು 14, ಎಂ12ರದ್ದು 17. ನಮ್ಮ ಹಾರ್ಡ್‌ವೇರ್ ಅಂಗಡಿಯೊಳಗ ಅದೇ ಎಂ8 ಕೇಳಿದ್ರ 13ರ ತಲಿ ಕೊಡ್ತಾರ, ಎಂ10ಕ್ಕ 17, ಎಂ12ಕ್ಕ 19. ಮಿಸ್ತ್ರಿ ಮಂದಿ ಹಳೇದು ಕಳೀತು ಅಂದ್ರ ಕೈಗೆ ಸಿಕ್ಕಿದ್ದು ಹಾಕಿ ಬಿಡ್ತಾರ, ಹಿಂಗಾಗಿ ಹಳೆ ಗಾಡಿಯೊಳಗ ಒಂದೇ ಬ್ರ್ಯಾಕೆಟ್‌ಗೆ 12, 13, 14 ಮೂರೂ ತಲಿ ಸಿಗ್ತಾವ. ನಮ್ಮ ಗಾಡಿಯ ಮುಂದಿನ ಶಾಕ್ ಅಬ್ಸಾರ್ಬರ್ ಎಡಕ್ಕ 17, ಬಲಕ್ಕ 19 ಇತ್ತು.

ಸೂಪರ್ ಮಾರ್ಕೆಟ್ ಸುತ್ತಮುತ್ತ ಬೈಕ್ ಸ್ಪೇರ್ಸ್ ಅಂಗಡಿಗೋಳಾಗ 12ರ ತಲಿ ಫ್ಲ್ಯಾಂಜ್ ಬೋಲ್ಟ್ ಎಂ8 ಸಿಗ್ತಾವ, ಉಳಿದಿದ್ದು ಹೈದರಾಬಾದ್ ರಾಣಿಗಂಜ್‌ದಾಗ ಸಿಕ್ವು. ತಗೊಳ್ಳೋವಾಗ ತಲಿ ಮ್ಯಾಲ 8.8 ಅಂತ (ಅದು ಗಟ್ಟಿತನದ ಗ್ರೇಡ್) ಒತ್ತಿದ್ದು ಅದನೋ ಇಲ್ಲೋ ನೋಡ್ರಿ, ಬರೇ ಹೊಳಪು ನೋಡಿ ತಗೊಬ್ಯಾಡ್ರಿ. ಎಂ8ಕ್ಕ ಒಂದಕ್ಕ 14 ರೂ. ತನಕ ಬಿತ್ತು, ಸಾದಾ ಬೋಲ್ಟ್ 5 ರೂ. ಬೀಳ್ತಿತ್ತು. ಇಡೀ ಗಾಡಿಗೆ ಹಿಂಗ 4 ಸಾವಿರದ ಮ್ಯಾಲ ಬರೇ ಬೋಲ್ಟು ನಟ್ಟಿಗೇ ಹೋಗ್ಯದ, ಆದ್ರ ಇವತ್ತು ಟೂಲ್ ಚೀಲ ಎತ್ತಿದ್ರ 6 ಕೆ.ಜಿ. ಒಳಗದ.

ಬಿಗಿ ಮಾಡಿದ ಮ್ಯಾಲ ಪ್ರತಿ ನಟ್ಟಿನ ಮ್ಯಾಲಿಂದ ಬ್ರ್ಯಾಕೆಟ್ ತನಕ ಹಳದಿ ಪೇಂಟ್ ಗೆರಿ ಎಳ್ದೀವಿ. ಗೆರಿ ಮುರೀತು ಅಂದ್ರ ನಟ್ ತಿರುಗ್ಯದ. ಟೆಸ್ಟ್‌ದಾಗ ನಿಂತಾಗೆಲ್ಲ ಟಾರ್ಚ್ ಹಿಡ್ಕೊಂಡು ಒಂದು ಸುತ್ತು ಹೊಡಿದ್ರ ಎರಡು ನಿಮಿಷದಾಗ ಗಾಡಿ ಪೂರಾ ನೋಡಿದಂಗ ಆಗ್ತದ.

3. ಚಾಸಿ

ಸುತ್ತಿಗಿ ತಗೊಂಡು ಉದ್ದಕ್ಕ ತಟ್ಟಿಕೋತ ಹೋದ್ವಿ. ಗಟ್ಟಿ ಇದ್ದಲ್ಲಿ ಠಣ್ ಅಂತದ, ತೆಳ್ಳಗಾದಲ್ಲಿ ಸಪ್ಪಳ ಬದ್ದ ಬೀಳ್ತದ. ಹಿಂದಿನ ಕಮಾನ್ ಹ್ಯಾಂಗರ್ ಹತ್ರ ಎರಡೂ ಕಡಿ ಬದ್ದ ಬಿತ್ತು, ಒಂದು ಕಡಿ ಸ್ಕ್ರೂಡ್ರೈವರ್ ಒತ್ತಿದ್ರ ತೂತು ಬಿತ್ತು. ಸ್ಟೀರಿಂಗ್ ಬಾಕ್ಸ್ ಕೂಡೋ ಜಾಗದಾಗ ಕೂದಲೆಳಿ ಬಿರುಕು, ಪೇಂಟ್ ಕೆರೆದ ಮ್ಯಾಲ ಕಂಡಿದ್ದು, ಇಲ್ಲಂದ್ರ ಕಾಣ್ತಿರ್ಲಿಲ್ಲ. ಈ ಜಾತಿ ಸುಜುಕಿಗೊಳಿಗೆ ದೊಡ್ಡ ಟೈರ್ ಹಾಕಿದ್ರ ಇಲ್ಲೇ ಬಿರುಕು ಬಿಡೋದು.

ಪೈಲೆ ಸಲ ಹಚ್ಚಿದ ಪಟ್ಟಿ ನಿಲ್ಲಲಿಲ್ಲ. ಚೌಕಾಕಾರ ಪ್ಲೇಟ್ ಕೊಯ್ದು ನಾಕೂ ಕಡಿ ಆರ್ಕ್ ವೆಲ್ಡ್ ಹೊಡ್ಸಿದ್ವಿ, ನೋಡ್ಲಿಕ್ಕ ಭಾರಿ ಗಟ್ಟಿ ಕಾಣ್ತಿತ್ತು, ಖಾಲಿ ಚಾಸಿ ಎಂಜಿನ್ ಹಾಕಿ ಶೆಡ್ ಹಿಂದಿನ ಗುಂಡಿ ಒಳಗ ಒಂದು ವಾರ ಓಡಿಸಿದ್ರೊಳಗ ಪ್ಲೇಟಿನ ಅಂಚಿನ ಗುಂಟನೇ ನೆಟ್ಟಗ ಹೊಸ ಬಿರುಕು. ಕಾರಣ ಎರಡು. ಒಂದು, ಒಳಗ ಜಂಗ್ ಪೂರಾ ತೆಗ್ದಿರ್ಲಿಲ್ಲ, ವೆಲ್ಡ್ ಜಂಗಿನ ಮ್ಯಾಲ ಕೂತಿತ್ತು. ಎರಡನೇದು ದೊಡ್ದು, ಚಾಸಿ ರೇಲಿಗೆ ಅಡ್ಡ ನೆಟ್ಟಗ ವೆಲ್ಡ್ ಹೊಡಿದ್ರ ಬಾಗೋ ಜೋರೆಲ್ಲಾ ಆ ಒಂದು ಗೆರಿ ಮ್ಯಾಲೇ ಬೀಳ್ತದ. ಪ್ಲೇಟು ಡೈಮಂಡ್ ಆಕಾರಕ್ಕ ಕೊಯ್ಬೇಕು, ಎರಡೂ ತುದಿ ಚೂಪಗ, ಅಂದ್ರ ಜೋರು ಮೆಲ್ಲಗ ಹಂಚ್ಕೊಂಡು ಹೋಗ್ತದ.

ಎಲ್ಲಾ ಕಿತ್ತು, ಬಿರುಕಿನ ತುದಿಗೆ 4 ಮಿ.ಮೀ. ತೂತು ಕೊರ್ದು ಅದು ಮುಂದ ಹೋಗದಂಗ ನಿಂದರ್ಸಿ, ಗ್ರೈಂಡರ್‌ಲೆ ಬಿಳಿ ಕಬ್ಬಿಣ ಕಾಣೋ ತನಕ ಕೆರೆದು, 3 ಮಿ.ಮೀ. ಡೈಮಂಡ್ ಪ್ಲೇಟು ಮಿಗ್ ವೆಲ್ಡ್‌ಲೆ ಹಚ್ಚಿದ್ವಿ. ಉದ್ದ ಬೀಡ್ ಒಂದೇ ಸಲ ಎಳೀಲಿಲ್ಲ, ಒಂದಿಂಚು ಇಲ್ಲಿ ಒಂದಿಂಚು ಅಲ್ಲಿ, ಬಿಸಿಗೆ ಚಾಸಿ ತಿರುವಬಾರ್ದು ಅಂತ. ಆಮ್ಯಾಲ ಮೂಲಿಯಿಂದ ಮೂಲಿಗೆ ಟೇಪ್ ಹಿಡಿದು ಎರಡೂ ಕರ್ಣ ಅಳತಿ ಮಾಡಿದ್ರ 3 ಮಿ.ಮೀ. ಫರಕ್, ಅಷ್ಟು ನಡೀತದ. ಚಾಸಿ ಖರ್ಚು ಪೇಂಟ್ ಕೂಡ್ಸಿ 18,500.

4. ರೋಲ್ ಕೇಜ್

ಗಾಡಿ ಮಗಚಿದ್ರ ಒಳಗ ಕೂತವ್ರನ್ನ ಉಳ್ಸೋ ಪೈಪಿನ ಪಂಜರ ಇದು. ಇದರಾಗ ರೊಕ್ಕ ಉಳಸ್ಲಿಕ್ಕ ಹೋಗಬಾರ್ದು, ಇದು ನನ್ನ ಗಟ್ಟಿ ಅಭಿಪ್ರಾಯ. ಎಫ್ಐಎ (ಮೋಟಾರ್ ರೇಸಿನ ಜಾಗತಿಕ ಸಂಸ್ಥೆ) ನಿಯಮ ಏನ್ ಹೇಳ್ತದ ಅಂದ್ರ ಮೇನ್ ಹೂಪ್‌ಗೆ (ಸೀಟಿನ ಹಿಂದಿನ ದೊಡ್ಡ ಕಮಾನು) ಕೋಲ್ಡ್ ಡ್ರಾನ್ ಸೀಮ್‌ಲೆಸ್, ಅಂದ್ರ ಜೋಡಿಲ್ಲದ ಪೈಪು, ಕಡಿಮಿ ಅಂದ್ರ 45 ಮಿ.ಮೀ. ಹೊರವ್ಯಾಸ 2.5 ದಪ್ಪ, ಇಲ್ಲಂದ್ರ 50ಕ್ಕ 2.0. ಉಳಿದ ಪೈಪಿಗೆ 38ಕ್ಕ 2.5 ಇಲ್ಲಾ 40ಕ್ಕ 2.0. ಬೆಂಡ್ ಥಂಡ ಇದ್ದಾಗೇ ಮಾಡಬೇಕು, ಬೆಂಡಿನ ರೇಡಿಯಸ್ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮಿ ಇರಬಾರ್ದು.

ಇಲ್ಲಿ ಒಬ್ಬ ಪೈಪ್ ವ್ಯಾಪಾರಿ ಜೋಡ್ ಇರೋ ಇಆರ್‌ಡಬ್ಲ್ಯು ಪೈಪ್ ತೋರ್ಸಿ ಇದೇ ಸೀಮ್‌ಲೆಸ್ ಅಂದ. ಒಳಗ ಬೆರಳು ಹಾಕಿ ನೋಡಿದ್ರ ಉದ್ದಕ್ಕ ಒಂದು ಏಣು ತಾಗ್ತದ, ಅದೇ ಜೋಡು. ಬಿಟ್ಟು ಬಂದ್ವಿ.

ಸರಿಯಾದ ಪೈಪ್ ತರ್ಸಿ ಪೈಲೆ ಹೂಪ್ ಇಲ್ಲೇ ಕೈ ಹೈಡ್ರಾಲಿಕ್ ಬೆಂಡರ್‌ದಾಗ ಬಾಗ್ಸಿದ್ವಿ, ನೀರಿನ ಪೈಪ್ ಬಾಗ್ಸೋ ಮಶಿನ್ ಅದು. ಬೆಂಡಿನ ಒಳ ಮಗ್ಗಲು ಚಪ್ಪಟ ಆಯ್ತು. ವರ್ನಿಯರ್ ಹಿಡಿದ್ರ ಒಂದು ಕಡಿ 47.8, ಇನ್ನೊಂದು ಕಡಿ 39.6. ಸಣ್ಣದಕ್ಕ ದೊಡ್ಡದರಿಂದ ಭಾಗಿಸಿದ್ರ 0.83 ಬರ್ತದ, ನಿಯಮದ ಪ್ರಕಾರ 0.9ಕ್ಕಿಂತ ಕೆಳಗ ಇಳೀಬಾರ್ದು. ಉಸುಕು ತುಂಬಿ ಎರಡೂ ಬಾಯಿ ವೆಲ್ಡ್ ಮಾಡಿ ಮತ್ತೊಂದು ಪೈಪ್ ನೋಡಿದ್ವಿ, 0.87 ಬಂತು, ಅದೂ ಫೇಲ್. ನೋಡೋವ್ರು ನಡೀತದ ಬಿಡ್ರಿ ಅಂದ್ರು. ಗಾಡಿ ಮಗಚಿದಾಗ ಮೊದಲು ಮಡಚೋದು ಅದೇ ಚಪ್ಪಟ ಆದ ಜಾಗ, ಒಳಗ ಕೂಡೋದು ನಾವೇ. ಎರಡೂ ಪೈಪ್ ಕೊಯ್ದು ಬೆಂಚಿನ ಕಾಲು ಮಾಡೀವಿ.

ಕಡೀಕ ಹೈದರಾಬಾದ್‌ದಾಗ ಮ್ಯಾಂಡ್ರೆಲ್ ಬೆಂಡರ್ (ಪೈಪಿನ ಒಳಗ ಆಧಾರ ಕೊಟ್ಟು ಬಾಗ್ಸೋ ಮಶಿನ್) ಇರೋ ಒಂದು ವರ್ಕ್‌ಶಾಪಿಗೆ ರಟ್ಟಿನ ಟೆಂಪ್ಲೇಟ್ ಕೊಯ್ದು ಒಯ್ದ್ವಿ. ಅಲ್ಲಿ ಬಾಗ್ಸಿದ್ದು 0.96. ಕಲಬುರಗಿಗೆ ತಂದು ತುದಿ ಮೀನಿನ ಬಾಯಿ ಆಕಾರ ಕೊಯ್ದು, ಕಾಗದ ಸಿಗಿಸಿದ್ರೂ ಹೋಗದಂಗ ಕೂಡ್ಸಿ, ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಎಲ್ಲಾ ಅಳತಿ ಮತ್ತ ನೋಡಿ ಆಮ್ಯಾಲ ಪೂರಾ ವೆಲ್ಡು. ಮೇನ್ ಹೂಪ್ ಕಾಲಿನ ಕೆಳಗ ಬಾಡಿ ಶೀಟಿಗೆ 12ಕ್ಕ 10 ಸೆಂ.ಮೀ., 3 ಮಿ.ಮೀ. ದಪ್ಪ ಪ್ಲೇಟು, ಅಂದ್ರ 120 ಚದರ ಸೆಂ.ಮೀ., ಒಂದೊಂದು ಕಾಲಿಗೆ ಎಂ8 ಬೋಲ್ಟ್ ಮೂರು.

ತೂಕ ಲೆಕ್ಕ ಹಾಕಿದ್ರ 45ರ ಪೈಪು ಮೀಟರಿಗೆ 2.6 ಕೆ.ಜಿ., 38ರದ್ದು 2.2 ಕೆ.ಜಿ. ಕೇಜ್ ಪೂರಾ 58 ಕೆ.ಜಿ. ಆಯ್ತು. ಹಾಳಾದ ಪೈಪು, ಹೋಗಿ ಬರೋ ಡೀಸೆಲ್, ಎಲ್ಲಾ ಹಿಡಿದು 71,000 ರೂ. ಸೀಟು ಮತ್ತ ಬೆಲ್ಟ್ 1 ಲಕ್ಷ 10 ಸಾವಿರ, ಅವು ಎಫ್ಐಎ ಲೇಬಲ್ ಇದ್ದವೇ ತಗೊಂಡೀವಿ, ಲೇಬಲ್ ಮ್ಯಾಲ ತಾರೀಖು ನೋಡಿ ತಗೋರಿ, ಸೆಕೆಂಡ್ ಹ್ಯಾಂಡ್‌ದಾಗ ಮುದತು ಮುಗಿದಿದ್ದೇ ಹೆಚ್ಚು ಬರ್ತಾವ.

ಇನ್ನೊಂದು ಮಾತು, 1988ರ ಮೋಟಾರ್ ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಗಾಡಿ ಸ್ವರೂಪ ಮನಸಿಗೆ ಬಂದಂಗ ಬದಲ್ಸಂಗಿಲ್ಲ. ಕಾಗದಪತ್ರ ಆಗೋ ತನಕ ಇದು ಸಾರ್ವಜನಿಕ ರೋಡಿಗೆ ಇಳಿಯಲ್ಲ, ಟೆಸ್ಟ್‌ಗೆ ಫ್ಲ್ಯಾಟ್‌ಬೆಡ್ ಮ್ಯಾಲೇ ಒಯ್ತೀವಿ.

5. ಕಮಾನ್ ಪಟ್ಟಾ, ಶಾಕ್ ಅಬ್ಸಾರ್ಬರ್

ಹೆಚ್ಚು ಹೊತ್ತು ತಿಂದಿದ್ದು ಇದೇ.

ಎಲ್ಲರೂ ಹೇಳೋದು ಒಂದೇ, ಒಂದು ಪಟ್ಟಾ ಹೆಚ್ಚು ಹಾಕ್ರಿ, ಗಾಡಿ ಎತ್ತರ ಆಗ್ತದ, ಲೋಡ್ ತಡೀತದ. ಹಾಕಿದ್ವಿ. ಎತ್ತರ 40 ಮಿ.ಮೀ. ಬಂತು ಖರೆ. ಹುಮನಾಬಾದ್ ಕಡಿ ಕೆಂಪು ಮುರುಮಿನ ಖಾಸಗಿ ರೋಡಿನ ಮ್ಯಾಲ, ಲಾರಿ ಓಡಿ ಓಡಿ ಸಾಲು ಸಾಲು ಅಲಿ ಬಿದ್ದಿರ್ತಾವಲ್ಲ, ಅಲ್ಲಿ 50ರ ಸ್ಪೀಡಿಗೆ ಹಿಂದಿನ ಆಕ್ಸಲ್ ನೆಲಾನೇ ಹಿಡೀಲಿಲ್ಲ, ಹಂಚಿನ ಮ್ಯಾಲಿನ ನೀರಿನ ಹನಿಯಂಗ ಜಿಗಿಕೋತ ಹೋಯ್ತು. ಸ್ಟೀರಿಂಗ್ ಹಿಡಿದ್ರೂ ಗಾಡಿ ತನ್ನ ಮನಸಿಗೆ ಬಂದ ಕಡಿ. ಗಟ್ಟಿ ಸ್ಪ್ರಿಂಗ್ ಲೋಡ್ ಗಾಡಿಗೆ, ರ‍್ಯಾಲಿಗೆ ಟೈರ್ ನೆಲದ ಮ್ಯಾಲ ಇರಬೇಕು.

ಹೆಚ್ಚಿನ ಪಟ್ಟಾ ತೆಗ್ದು ಒಗ್ದ್ವಿ. ಮೂಲ ಪಟ್ಟಾಗಳನ್ನೇ ಕಮಾನ್ ಕೆಲಸದವ್ರ ಹತ್ರ ಒಯ್ದು ಮತ್ತ ಬಾಗು ಕೊಡ್ಸಿದ್ವಿ, ಪಟ್ಟಾದ ತುದಿ ಚೌಕಾಕಾರ ಇದ್ದದ್ದು ದುಂಡಗ ಮಾಡಿ, ನಡುವ ಗ್ರಾಫೈಟ್ ಗ್ರೀಸ್ ಹಚ್ಚಿ ಕೂಡ್ಸಿದ್ವಿ. ತುದಿ ದುಂಡಗ ಮಾಡೋದು ಸಣ್ಣ ಕೆಲಸ ಅನಸ್ತದ, ಆದ್ರ ಚೂಪು ತುದಿ ಮ್ಯಾಲಿನ ಪಟ್ಟಾನ್ನ ಕೆರೆದು ಗಾಯ ಮಾಡ್ತದ, ಮುಂದ ಅಲ್ಲೇ ತುಂಡಾಗ್ತದ. ಎತ್ತರ 25 ಮಿ.ಮೀ. ಸಿಕ್ತು, ಸಾಕು.

ಎತ್ತರ ಬಂದ ಕೂಡಲೇ ನೋಡಬೇಕಾದ್ದು ಮೂರು. ಆಕ್ಸಲ್ ಪೂರಾ ಕೆಳಗ ಜೋಲು ಬಿದ್ದಾಗ ಬ್ರೇಕ್ ಹೋಸ್ ಎಳೀತದೇನು, ನಮ್ದು ಎಳೀತಿತ್ತು, 40 ಮಿ.ಮೀ. ಉದ್ದಂದು ಮಾಡ್ಸಿದ್ವಿ. ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟ್ (ಉದ್ದ ಗಿಡ್ಡ ಆಗೋ ಜೋಡು) ಹೊರಗ ಬರ್ತದೇನು, ಅದು ಸರಿ ಇತ್ತು. ಮುಂದಿನ ಆಕ್ಸಲ್ ಕ್ಯಾಸ್ಟರ್ (ಸ್ಟೀರಿಂಗ್ ನೆಟ್ಟಗ ಇಡೋ ಹಿಂದಿನ ಓಲು) ಕಡಿಮಿ ಆಗಿ ಸ್ಟೀರಿಂಗ್ ಅಡ್ಡಾಡ್ತದೇನು, ಜರಾ ಅಡ್ಡಾಡ್ತಿತ್ತು, ಪಟ್ಟಾ ಮತ್ತ ಆಕ್ಸಲ್ ನಡುವ 2 ಡಿಗ್ರಿ ಬೆಣಿ ಹಾಕಿದ್ವಿ.

ಶಾಕ್ ಅಬ್ಸಾರ್ಬರ್ ಒಂದೊಂದು ಚಕ್ರಕ್ಕ ಎರಡು. ಒಂದೇ ಇದ್ದಾಗ ಬ್ಯಾಸಿಗಿ ಒಳಗ ಎರಿ ಹೊಲದ ಬಿರುಕು ನೆಲದ ಮ್ಯಾಲ ಅರ್ಧ ತಾಸು ಓಡ್ಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದ್ರ ಹಿಂದಿನದು 104 ಡಿಗ್ರಿ ತೋರ್ಸಿತ್ತು. ಅಷ್ಟು ಬಿಸಿಗೆ ಒಳಗಿನ ಆಯಿಲ್ ನೀರಂಗ ತೆಳ್ಳಗಾಗಿ ತಡಿಯೋ ಜೋರೇ ಹೋಗ್ತದ, ಕೂತವ್ರಿಗೆ ನಡು ನೋವಿನಿಂದಲೇ ತಿಳೀತದ. ಎರಡು ಹಾಕಿದ ಮ್ಯಾಲ ಅದೇ ಜಾಗದಾಗ 78. ಬ್ರ್ಯಾಕೆಟ್ ನಾವೇ 5 ಮಿ.ಮೀ. ಪ್ಲೇಟಿಂದ ಮಾಡೀವಿ. ಎಲ್ಲಾ ಕೂಡ್ಸಿ 58,000.

ಪಟ್ಟಾನ್ನ ಆಕ್ಸಲ್‌ಗೆ ಹಿಡಿಯೋ ಯು ಬೋಲ್ಟ್ ಹೊಸದು ಹಾಕಿದ್ರ 50 ಕಿ.ಮೀ. ಓಡ್ಸಿ ಮತ್ತ ಬಿಗಿ ಮಾಡಲೇಬೇಕು. ಪಟ್ಟಾ ಒಂದರ ಮ್ಯಾಲೊಂದು ಕೂತು ದಪ್ಪ ಕಡಿಮಿ ಆಗಿರ್ತದ. ಎಡ ಹಿಂದಿನ ನಟ್ ಪೂರಾ ಮುಕ್ಕಾಲು ಸುತ್ತು ಬಂತು ನಮಗ.

6. ಎಂಜಿನ್, ಬಿಸಿಲು, ಧೂಳು

ಎಂಜಿನ್‌ಗೆ ಟ್ಯೂನಿಂಗ್ ಏನೂ ಮಾಡಿಲ್ಲ, ಮಾಡೋದೂ ಇಲ್ಲ. ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಎಲ್ಲಾ ಹೋಸ್ ಹೊಸದು, ಅಷ್ಟೇ. ತೆಗ್ದ ಹಳೆ ಬೆಲ್ಟ್ ಜೊತಿಗೆ ಸ್ಪೇರ್ ಅಂತ ಇಟ್ಕೊಂಡೀವಿ.

ಬಿಸಿಲಿನ ಟೆಸ್ಟ್‌ಗೆ ಕಲಬುರಗಿ ಮೇ ತಿಂಗಳಿಗಿಂತ ಬ್ಯಾರೆ ಲ್ಯಾಬ್ ಬ್ಯಾಡ, 43 ಡಿಗ್ರಿ ಇರ್ತದ ಹೊರಗ. ಶಹಾಬಾದ್ ಕಡಿ ಹಳೆ ಪರ್ಸಿ ಕಲ್ಲಿನ ಖಣಿ ರಸ್ತೆ, ಮಾಲಕರ ಪರವಾನಗಿ ತಗೊಂಡು ಎರಡನೇ ಗೇರಿನಾಗೇ ಓಡಿಸಿದ್ವಿ. ಇಪ್ಪತ್ತು ನಿಮಿಷಕ್ಕ ಎಂಜಿನ್ ಬಿಸಿ ತೋರ್ಸೋ ಸೂಜಿ ಮ್ಯಾಲ ಹೋಯ್ತು. ಪೈಲೆ ರೇಡಿಯೇಟರ್ ಮ್ಯಾಲ ಅನುಮಾನ, ಹೊಸ ಕೋರ್ ಹಾಕ್ಸಿದ್ವಿ, ಜರಾ ಕಡಿಮಿ ಆಯ್ತು, ಹೋಗ್ಲಿಲ್ಲ. ಫ್ಯಾನ್ ದೊಡ್ಡದು ಹಾಕಿದ್ವಿ, ಅದೇ ಕತಿ.

ಆಮ್ಯಾಲ ನಮ್ಮ ಶೆಡ್ಡಿನ ಹುಡುಗ ಗ್ರಿಲ್ ಮುಂದ ಉಲ್ಲನ್ ದಾರ ಕಟ್ಟಿ ನೋಡೋಣ ಅಂದ. ಕಟ್ಟಿ ಓಡ್ಸಿ ವಿಡಿಯೋ ಮಾಡಿದ್ರ ದಾರ ಒಳಗ ಎಳೀತಿಲ್ಲ, ಮಗ್ಗಲಕ್ಕ ಹೊಳ್ಳಿ ನಿಂತಾವ. ಮುಂದ ಹಾಕಿದ ನಾಕು ಎಕ್ಸ್‌ಟ್ರಾ ಲೈಟು ರೇಡಿಯೇಟರ್ ಮಾರಿ ಮ್ಯಾಲೇ ಕೂತಿದ್ವು, ಮತ್ತ ಕೆಳಗಿನ 5 ಮಿ.ಮೀ. ಅಲ್ಯುಮಿನಿಯಂ ಸಂಪ್ ಗಾರ್ಡ್ (ಎಂಜಿನ್ ತಳಕ್ಕ ಕಲ್ಲು ತಾಗದಂಗ ಹಾಕೋ ಪ್ಲೇಟು) ಹಿಂದಿನ ತನಕ ಮುಚ್ಚಿತ್ತು, ಒಳಗ ಹೋದ ಗಾಳಿಗೆ ಹೊರಗ ಹೋಗ್ಲಿಕ್ಕ ದಾರಿನೇ ಇಲ್ಲ. ಲೈಟ್ ಬಾನೆಟ್ ಅಂಚಿಗೆ ಎತ್ತಿದ್ವಿ, ಗಾರ್ಡಿಗೆ 20 ಮಿ.ಮೀ. ಅಗಲದ ಸೀಳು ಎರಡು ಸಾಲು ಕೊಯ್ದ್ವಿ, ಬಾನೆಟ್ ಹಿಂದಿನ ಅಂಚು 15 ಮಿ.ಮೀ. ವಾಷರ್ ಇಟ್ಟು ಎತ್ತಿದ್ವಿ. ಅದೇ ಖಣಿ ರಸ್ತೆ, ಅದೇ ಮಧ್ಯಾಹ್ನದ ಬಿಸಿಲು, ಸೂಜಿ ನಡುವೇ ನಿಂತದ. ರೇಡಿಯೇಟರ್, ಫ್ಯಾನ್, ಗಾರ್ಡ್ 24,500, ಅದರಾಗ ಅರ್ಧ ರೊಕ್ಕದ ಕೆಲಸ ಬೇಕಿರ್ಲಿಲ್ಲ. ಗಾಡಿ ಕಾಯ್ತದ ಅಂದ್ರ ಸಾಮಾನ್ ಬದಲ್ಸೋಕ್ಕಿಂತ ಮೊದಲು ದಾರ ಕಟ್ರಿ, 10 ರೂಪಾಯಿ ಕೆಲಸ.

ಧೂಳಿಂದು ಬ್ಯಾರೆ ಕತಿ. ವಾಡಿ, ಸೇಡಂ ಕಡಿ ಸುಣ್ಣದ ಕಲ್ಲಿನ ಧೂಳು ಪೌಡರ್ ಇದ್ದಂಗ ಇರ್ತದ. ಸ್ನಾರ್ಕಲ್ (ಎಂಜಿನ್‌ಗೆ ಗಾಳಿ ಎಳಿಯೋ ಎತ್ತರದ ಪೈಪು) ಹಾಕಿ ಬಾಯಿ ಚಾವಣಿ ಎತ್ತರಕ್ಕ ತಂದ್ವಿ, ಆಮ್ಯಾಲ ಫಿಲ್ಟರ್ ದಾಟಿದ ಪೈಪಿನ ಒಳಗ ಬೆರಳಿಲೆ ಬಿಳಿ ಗ್ರೀಸ್ ತೆಳ್ಳಗ ಸವರಿ ಓಡ್ಸಿದ್ವಿ. ಬಿಚ್ಚಿ ನೋಡಿದ್ರ ಗ್ರೀಸ್ ಮ್ಯಾಲ ಬೂದಿ ಬಣ್ಣದ ಒಂದು ಪಟ್ಟಿ, ಪೈಪಿನ ಒಂದೇ ಮಗ್ಗಲಿಗೆ, ಬೆರಳಿಂದ ತಿಕ್ಕಿದ್ರ ಕಚಕಚ ಅಂತದ. ಸುತ್ತ ಎಲ್ಲಾ ಕಡಿ ಇದ್ರ ಫಿಲ್ಟರ್ ದೋಷ, ಒಂದೇ ಕಡಿ ಇದ್ರ ಜೋಡಿನಾಗ ಸೋರಿಕಿ. ರಬ್ಬರ್ ಬೆಂಡಿನ ಕ್ಲಾಂಪ್ ಸ್ಕ್ರೂ ಇದ್ದ ಕಡಿ ರಬ್ಬರ್ ಮಡಚಿ ಕೂತಿತ್ತು. ಅಗಲ ಕ್ಲಾಂಪ್ ಹಾಕಿದ್ವಿ, ಗ್ರೀಸ್ ಈಗ ಬೆಳ್ಳಗೇ ಬರ್ತದ. 6,800 ರೂ.

7. ಟೈರು, ಎರಿ ಮಣ್ಣು, ಟ್ರಿಪ್ ಮೀಟರ್

ಕಂಪನಿ ಟೈರು 205/70 ಆರ್15, ಲೆಕ್ಕಕ್ಕ 668 ಮಿ.ಮೀ. ವ್ಯಾಸ. ನಾವು ಹಾಕಿದ್ದು 215/75 ಆರ್15, 703. ನೆಲದಿಂದ ಎತ್ತರ 17 ಮಿ.ಮೀ. ಹೆಚ್ಚು ಸಿಗ್ತದ. ಆರು ಟೈರು 39,000, ಎರಡು ಸ್ಪೇರ್ ಹಿಡಿದು. ರಿಮ್ ಮೂಲ ಕಬ್ಬಿಣದ್ದೇ, ಕಲ್ಲಿಗೆ ಬಡಿದು ಅಂಚು ಮಡಚಿದ್ರ ಸುತ್ತಿಗಿಲೆ ಬಡಿದು ನೆಟ್ಟಗ ಮಾಡ್ಬಹುದು, ಅಲಾಯ್ ಸೀಳಿದ್ರ ಅಲ್ಲೇ ಕಥಿ ಮುಗೀತು.

ಮಳಿಗಾಲದಾಗ ಜೇವರ್ಗಿ ಕಡಿ ನಮ್ಮ ಸಂಬಂಧಿಕರ ಹೊಲದ ದಾರಿಗೆ ಇಳ್ಸಿದ್ವಿ. ಎರಿ ಮಣ್ಣು ಹಸಿ ಇದ್ದಾಗ ಟೈರಿಗೆ ಹತ್ತಿ ಸುತ್ತಿಕೋತ ಬರ್ತದ, ಟೈರಿನ ನಮೂನಿ ಮುಚ್ಚಿ, ಮಡ್‌ಗಾರ್ಡ್ ಒಳಗ ತುಂಬಿ, ಪಟ್ಟಾ ಮತ್ತ ಟೈರಿನ ನಡುವ 18 ಮಿ.ಮೀ. ಸಂದಿಯೊಳಗ ಗಟ್ಟಿ ಹೊಕ್ಕು ಮುಂದಿನ ಬಲ ಚಕ್ರ ತಿರಗೋದೇ ನಿಂತ್ತು. ಕ್ಲಚ್ ವಾಸನಿ ಬಂದ ಕೂಡಲೇ ಎಂಜಿನ್ ಬಂದ್ ಮಾಡಿ ಸಲಾಕಿಲೆ ಕೆದರಿ ತೆಗ್ದ್ವಿ. ಮಡ್‌ಗಾರ್ಡ್ ಒಳ ಅಂಚು 25 ಮಿ.ಮೀ. ಕೊಯ್ದೀವಿ, ಫ್ಲ್ಯಾಪ್ 10 ಸೆಂ.ಮೀ. ಹಿಂದ ಸರ್ಸೀವಿ, ಈಗ ಮಣ್ಣು ಬಿದ್ದು ಹೋಗ್ಲಿಕ್ಕ ದಾರಿ ಅದ. ಆದ್ರ ಪೂರಾ ಹಸಿ ಎರಿ ಒಳಗ ಯಾವ ಗಾಡಿನೂ ನಡಿಯಲ್ಲ, ನಮ್ಮ ಹಿರೇರು ಮಳಿ ಬಿದ್ದ ಮ್ಯಾಲ ಬಂಡಿ ಹೂಡ್ತಿರ್ಲಿಲ್ಲ, ಸರಿನೇ ಅದ.

ರ‍್ಯಾಲಿಯವ್ರು ಕೊಡೋ ದಾರಿ ಪುಸ್ತಕ, ಅಂದ್ರ ರೋಡ್ ಬುಕ್ಕಿನಾಗ ಎಲ್ಲಾ ತಿರುವು ಕಿಲೋಮೀಟರ್ ಲೆಕ್ಕದಾಗೇ ಇರ್ತಾವ, ಹತ್ತು ಮೀಟರ್ ಫರಕ್ ಆದ್ರ ಬ್ಯಾರೆ ದಾರಿ ಹಿಡೀತೀವಿ. ದೊಡ್ಡ ಟೈರ್ ಹಾಕಿದ ಮ್ಯಾಲ ಗಾಡಿ ಮೀಟರ್ 10 ಕಿ.ಮೀ.ಗ 9.5 ತೋರ್ಸ್ತದ. ಅದಕ್ಕ ಬ್ಯಾರೆ ಟ್ರಿಪ್ ಮೀಟರ್ ಬೇಕು. ಮುಂದಿನ ಎಡ ಚಕ್ರದ ಐದು ಸ್ಟಡ್ (ಚಕ್ರ ಹಿಡಿಯೋ ಬೋಲ್ಟ್) ಓದೋ ಸೆನ್ಸರ್ ಹಾಕೀವಿ, ಹಿಂದಿನ ಚಕ್ರಕ್ಕ ಹಾಕಿದ್ರ ಉಸುಕಿನಾಗ ಅದು ನಿಂತಲ್ಲೇ ತಿರುಗಿ ಸುಳ್ಳು ಲೆಕ್ಕ ಕೊಡ್ತದ, ಮುಂದಿಂದು ಟೂ ವೀಲ್ ಡ್ರೈವ್‌ದಾಗ ಬರೇ ಉರುಳ್ತದ. ಸುತ್ತಿಗೆ 5 ಪಲ್ಸ್, ಹೆಚ್ಚುಕಡಿಮಿ 43 ಸೆಂ.ಮೀ.ಗ ಒಂದು. ಪೈಲೆ ಬ್ರ್ಯಾಕೆಟ್ 1.5 ಮಿ.ಮೀ. ಪತ್ರಾದ್ದು, ಅಲುಗಾಡಿ ಪಲ್ಸ್ ತಪ್ಪಿಸ್ತಿತ್ತು, ಈಗ 4 ಮಿ.ಮೀ. ಪಟ್ಟಿ. ಸ್ಟೀರಿಂಗ್ ಪೂರಾ ತಿರುವಿದಾಗ ವೈರ್ ಎಳೀದಂಗ ಒಂದು ಸುತ್ತು ಜೋಲು ಬಿಡ್ರಿ. ನಮ್ಮ ಗಾಡಿ ರೋಡಿಗೆ ಇಳಿಯಂಗಿಲ್ಲ, ಅದಕ್ಕ ಕ್ಯಾಲಿಬ್ರೇಶನ್‌ಗೆ (ಲೆಕ್ಕ ಸರಿ ಹೊಂದ್ಸ್ಲಿಕ್ಕ) ಸೆನ್ಸರ್, ಮೀಟರ್ ಎರಡೂ ಅದೇ ಅಳತಿ ಟೈರಿನ ಇನ್ನೊಂದು ಜಿಪ್ಸಿಗೆ ಕಟ್ಟಿ ಸೇಡಂ ರೋಡಿನ ಕಿಲೋಮೀಟರ್ ಕಲ್ಲಿನ ಗುಂಟ ನೋಡಿದ್ವಿ. ಹವಾ 28 ಪಿಎಸ್ಐ ಇಟ್ಟು ಮಾಡಿದ ಲೆಕ್ಕ 18ಕ್ಕ ಇಳಿಸಿದ್ರ ಬದಲಾಗ್ತದ, ಅದಕ್ಕ ಎರಡಕ್ಕೂ ಬ್ಯಾರೆ ಬ್ಯಾರೆ ನಂಬರ್ ಡ್ಯಾಶ್ ಮ್ಯಾಲ ಬರ್ದು ಅಂಟ್ಸೀವಿ. ವೈರಿಂಗ್ ಹಿಡಿದು 14,000.

8. ತೂಕ

ದಾಲ್ ಮಿಲ್ಲಿನ ವೇ ಬ್ರಿಜ್ ನಮ್ಮ ಊರಾಗ ಬೇಕಾದಷ್ಟವ, ತೊಗರಿ ಸೀಸನ್ ಮುಗಿದ ಮ್ಯಾಲ ಖಾಲಿನೇ ಇರ್ತಾವ. ಪೂರಾ ಗಾಡಿ ಒಂದು ಸಲ, ಮುಂದಿನ ಆಕ್ಸಲ್ ಅಷ್ಟೇ ಏರ್ಸಿ ಒಂದು ಸಲ. ಪೂರಾ 1,190, ಮುಂದ 560, ಅಂದ್ರ ಹಿಂದ 630. ಕಂಪನಿ ಲೆಕ್ಕದಾಗ ಸಾಫ್ಟ್ ಟಾಪ್ 985 ಕೆ.ಜಿ. ಇನ್ನ ಇಬ್ಬರು ಮನುಷ್ಯರು, ನೀರು, ಹೆಚ್ಚಿನ ಪೆಟ್ರೋಲ್ ಹಾಕಿದ್ರ 1,400ರ ಹತ್ರ. 80 ಹಾರ್ಸ್ ಪವರಿಗೆ ಇದು ಭಾರ. ಎರಡನೇ ಸ್ಪೇರ್ ಟೈರ್ ಹಿಂದಿನ ಬಾಗಲ ಮ್ಯಾಲಿಂದ ತೆಗ್ದು ಸೀಟಿನ ಹಿಂದ ನೆಲಕ್ಕ ಮಲಗ್ಸೀವಿ, ಹೈ ಲಿಫ್ಟ್ ಜ್ಯಾಕ್ ತೆಗ್ದು ಬಾಟಲ್ ಜ್ಯಾಕ್ ಮತ್ತ ಒಂದು ಕಟ್ಟಿಗಿ ಹಲಗಿ ಇಟ್ಟೀವಿ. ಊಟಕ್ಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅದು ಹಗುರನೂ ಅದ, ಕೆಡೋದೂ ಇಲ್ಲ.

ಇಲ್ಲಿತನಕ ಎಲ್ಲಾ ಹಿಡಿದು ಖರ್ಚು 6 ಲಕ್ಷ 20 ಸಾವಿರ ದಾಟ್ಯದ.

9. ಪೆಟ್ರೋಲ್ ಟ್ಯಾಂಕ್, ಇಲ್ಲಿ ಕೆಲಸ ನಿಂತದ

ಮೂಲ ಟ್ಯಾಂಕ್ 40 ಲೀಟರ್. ಜೋರಾಗಿ ಓಡಿಸಿದ್ರ ಲೀಟರಿಗೆ 5.5 ಕಿ.ಮೀ. ಬರ್ತದ, ಅಂದ್ರ 220. ಸಾಲಲ್ಲ.

3 ಮಿ.ಮೀ. ಅಲ್ಯುಮಿನಿಯಂ ಶೀಟಿಂದ 55 ಲೀಟರ್ ಟ್ಯಾಂಕ್ ಇಲ್ಲೇ ಮಾಡ್ಸಿದ್ವಿ, ಒಳಗ ಪೆಟ್ರೋಲ್ ಕುಲುಕದಂಗ ಎರಡು ಅಡ್ಡ ಗ್ವಾಡಿ. ಸೀಟಿನ ಹಿಂದ, ಹಿಂದಿನ ಆಕ್ಸಲ್‌ಗಿಂತ ಮುಂದ ಅದರ ಜಾಗ. 0.2 ಬಾರ್ ಹವಾ ತುಂಬಿ ಸೋಪಿನ ನೀರು ಹಚ್ಚಿದ್ರ ಮೂಲಿಯೊಳಗ ಗುಳ್ಳಿ ಎದ್ದು. ಮತ್ತ ವೆಲ್ಡ್ ಮಾಡ್ಸಿದ್ವಿ, ಪಾಸ್ ಆಯ್ತು. ನೀರು ತುಂಬಿ ಅದೇ ಮುರುಮಿನ ರೋಡಿಗೆ ಒಯ್ದ್ವಿ, ಬಂದು ನೋಡಿದ್ರ ಒಳಗಿನ ಅಡ್ಡ ಗ್ವಾಡಿ ಕೂಡಿದ ಕಡಿ ಹೊರಗಿನ ಶೀಟಿಗೇ ಬಿರುಕು, ಹನಿ ಹನಿ ನೀರು. ಕುಲುಕೋ 55 ಕೆ.ಜಿ. ನೀರು ಆ ಗ್ವಾಡಿ ಬಡಿದು ಬಡಿದು ವೆಲ್ಡಿನ ಮಗ್ಗಲದ ಮೆತ್ತಗಾದ ಜಾಗ ಸೀಳ್ಯದ. ನೀರಿನ ಜಾಗದಾಗ ಪೆಟ್ರೋಲ್ ಇದ್ದಿದ್ರ, ಎಕ್ಸಾಸ್ಟ್ ಪೈಪ್ ಅಲ್ಲಿಂದ ಒಂದು ಮೊಳದಾಗದ. ಆ ಟ್ಯಾಂಕಿಗೆ ಪೆಟ್ರೋಲ್ ಹಾಕೋದಿಲ್ಲ ಅಂತ ಅವತ್ತೇ ಮುಗ್ಸೀವಿ. ಬಿರುಕಿಗೆ ಎಂ-ಸೀಲ್ ಹಚ್ಚಿ, ಟೆಸ್ಟ್‌ದಾಗ ತೂಕಕ್ಕ ಅಂತ 40 ಲೀಟರ್ ನೀರು ತುಂಬಿ ಒಯ್ತೀವಿ, 55 ಲೀಟರ್ ಪೆಟ್ರೋಲಿನ ತೂಕ ಅಷ್ಟೇ ಬರ್ತದ.

ಬೇಕಾಗಿದ್ದು ಎಫ್ಐಎದ ಎಫ್‌ಟಿ3 ದರ್ಜೆ ಸೇಫ್ಟಿ ಟ್ಯಾಂಕು, ರಬ್ಬರ್ ಚೀಲದ್ದು, ಒಳಗ ಫೋಮ್, ಗಾಡಿ ಮಗಚಿ ಶೀಟ್ ಮಡಚಿದ್ರೂ ಚೀಲ ಸೀಳಲ್ಲ. ತಯಾರಾದ ತಾರೀಖಿಂದ ಐದು ವರ್ಷ ಮುದತು, ಮತ್ತ ಪರೀಕ್ಷಾ ಮಾಡ್ಸಿದ್ರ ಇನ್ನೆರಡು ವರ್ಷ. ಹೊರದೇಶದಿಂದ ಬರಬೇಕು, ಕೇಳಿದ ಬೆಲಿ ಕೇಜಿನ ಖರ್ಚಿಗಿಂತ ಮ್ಯಾಲದ, ರೊಕ್ಕ ಕೂಡ್ಸ್ಲಿಕ್ಕ ಹತ್ತೀವಿ. ಯಾರ ಹತ್ರರ ಮುದತು ಉಳಿದ, 50ರಿಂದ 60 ಲೀಟರಿಂದು ಇದ್ರ ನಮ್ಮ ಜಾಗದ ಅಳತಿ ಇದು: ಅಗಲ 620, ಉದ್ದ 330, ಎತ್ತರ 340 ಮಿ.ಮೀ. ಅದು ಬರೋದ್ರೊಳಗ ಅದರ ತೊಟ್ಟಿಲ 25 ಮಿ.ಮೀ. ಚೌಕ ಪೈಪಿಂದ ಆಗ್ಯದ, ಸೀಟು ಮತ್ತ ಟ್ಯಾಂಕಿನ ನಡುವಿನ ಬೆಂಕಿ ತಡಿಯೋ ಶೀಟು ಕೊಯ್ದು ಇಟ್ಟೀವಿ, ಅಂಚಿಗೆ ಸೀಲ್ ಹಚ್ಚಿ 12ರ ತಲಿ ಬೋಲ್ಟಿಲೆ ಕೂಡ್ಸೋದು ಈ ವಾರದ ಕೆಲಸ.